ಮಗಳಿಗೆ ನಾಯಿ ಕಚ್ಚಿದ ಮೇಲಿನ 28 ದಿನ: ನಾನು ನಿಂತ ಕ್ಯೂಗಳು, ಕಲಿತ ವಿಷಯಗಳು

ನಿನ್ನೆ ಬೆಳಿಗ್ಗೆ ಮಗಳಿಗೆ ಕೊನೆಯ ಇಂಜೆಕ್ಷನ್ ಆಯಿತು. ಮನೆಗೆ ಬಂದವಳೇ ಚಪ್ಪಲಿ ಬಿಟ್ಟು ಆಟಕ್ಕೆ ಓಡಿದಳು. ನಾನು ಮಾತ್ರ ಅವಳ ಕಾರ್ಡ್ ಕೈಯಲ್ಲಿ ಹಿಡಿದುಕೊಂಡು ತುಂಬಾ ಹೊತ್ತು ಕೂತಿದ್ದೆ. ನಾಲ್ಕು ತಾರೀಖು, ನಾಲ್ಕು ಸಹಿ. ಎರಡನೇ ಸಹಿಯ ಮೇಲೆ ನೀರು ಬಿದ್ದು ಶಾಯಿ ಹರಡಿದೆ. ಈ ಒಂದು ತಿಂಗಳಲ್ಲಿ ಕಲಿತದ್ದನ್ನು ಯಾರಾದರೂ ಮೊದಲ ದಿನವೇ ಹೇಳಿದ್ದರೆ ಎಷ್ಟೋ ಅಲೆದಾಟ ತಪ್ಪುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಏಳು ವರ್ಷದ ಮಗುವಿನ ತಾಯಿ. ಚಿಕಿತ್ಸೆಯ ವಿಷಯದಲ್ಲಿ ನಿಮ್ಮ ಡಾಕ್ಟರ್ ಮಾತೇ ಕೊನೆ. ಆದರೆ ಆಸ್ಪತ್ರೆಯಲ್ಲಿ ಯಾವ ಬಾಗಿಲು ತಟ್ಟಬೇಕು, ಏನಂತ ಕೇಳಬೇಕು ಅನ್ನೋದು ಅನುಭವದಿಂದಲೇ ಗೊತ್ತಾಗುವಂಥದ್ದು.

ಅದು ಗುರುವಾರ, ಸಂಜೆ ನಾಲ್ಕರ ಹೊತ್ತು. ಮಗಳು ಬೀದಿಯಲ್ಲಿ ಸೈಕಲ್ ತುಳಿಯುತ್ತಿದ್ದಳು. ಕೂಗು ಕೇಳಿ ಹೊರಗೆ ಓಡಿದೆ. ಎಡಗಾಲಿನ ಮೀನಖಂಡದಲ್ಲಿ ಎರಡು ಆಳವಾದ ತೂತು, ಪಕ್ಕದಲ್ಲೇ ಉದ್ದನೆಯ ಗೀರು. ರಕ್ತ ಇಳಿದು ಸಾಕ್ಸ್ ನೆನೆದಿತ್ತು. ಕಚ್ಚಿದ್ದು ಪಕ್ಕದ ಬೀದಿಯ ಕಂದು ನಾಯಿ. ಯಾರ ಮನೆಯದೂ ಅಲ್ಲ, ಎಲ್ಲರೂ ಊಟ ಹಾಕುತ್ತಾರೆ. ಇಷ್ಟು ದಿನ ಯಾರಿಗೂ ಏನೂ ಮಾಡಿರಲಿಲ್ಲ.

ನಾನು ಅವಳನ್ನು ಎತ್ತಿಕೊಂಡು ಸೀದಾ ಆಸ್ಪತ್ರೆಗೆ ಹೊರಡುವವಳಿದ್ದೆ. ಪಕ್ಕದ ಮನೆಯ ಆಂಟಿ ತಡೆದರು. "ಮೊದಲು ನಲ್ಲಿ ಕೆಳಗೆ ಕೂರಿಸು. ಸೋಪು ಹಾಕಿ ತೊಳಿ. ಗಡಿಯಾರ ನೋಡ್ಕೊಂಡು 15 ನಿಮಿಷ" ಎಂದರು. ಅವರ ತಮ್ಮನಿಗೆ ಹಿಂದೆ ನಾಯಿ ಕಚ್ಚಿತ್ತಂತೆ. 15 ನಿಮಿಷ ಅಂದರೆ ಎಷ್ಟು ಉದ್ದ ಅಂತ ಅವತ್ತು ಗೊತ್ತಾಯಿತು. ಮಗಳು ಅಳುತ್ತಿದ್ದಾಳೆ, ನೀರು ಕೆಂಪಾಗಿ ಹರಿಯುತ್ತಿದೆ, ನನ್ನ ಕೈ ನಡುಗುತ್ತಿದೆ. ಐದು ನಿಮಿಷಕ್ಕೇ ಸಾಕು ಅನ್ನಿಸಿತು. ಆಂಟಿ ಬಿಡಲಿಲ್ಲ. ಅವರಿಗೆ ನಾನು ಜೀವನಪೂರ್ತಿ ಋಣಿ.

ಆಮೇಲೆ ಡಾಕ್ಟರ್ ಹೇಳಿದರು, ಇಡೀ ಚಿಕಿತ್ಸೆಯಲ್ಲಿ ನಮ್ಮ ಕೈಯಲ್ಲಿರುವ ಅತಿ ದೊಡ್ಡ ಕೆಲಸ ಇದೇ ಅಂತೆ. ರೇಬೀಸ್ ವೈರಸ್ಸಿನ ಹೊರಪದರದಲ್ಲಿ ಕೊಬ್ಬಿನ ಅಂಶ ಇರುತ್ತದೆ. ಸೋಪು ಅದನ್ನು ಒಡೆಯುತ್ತದೆ. ವೈರಸ್ ಗಾಯದಿಂದ ನರದೊಳಗೆ ಸೇರಿ, ನರದ ಗುಂಟ ನಿಧಾನಕ್ಕೆ ಮೆದುಳಿನ ಕಡೆ ಹೋಗುತ್ತದೆ. ನರ ಸೇರುವ ಮುಂಚೆ ಎಷ್ಟನ್ನು ತೊಳೆದು ಹಾಕಿದರೆ ಅಷ್ಟು ಒಳ್ಳೆಯದು. ಗಾಯಕ್ಕೆ ಪುಡಿ, ಎಣ್ಣೆ, ಸೊಪ್ಪಿನ ರಸ ಏನೂ ಹಚ್ಚಬೇಡಿ. ಬಿಗಿಯಾಗಿ ಕಟ್ಟಬೇಡಿ. ಯಾರಾದರೂ ಹೊಲಿಗೆ ಹಾಕ್ತೀನಿ ಅಂದರೆ, "ಇದು ನಾಯಿ ಕಚ್ಚಿದ ಗಾಯ, ಸೀರಂ ಇನ್ನೂ ಹಾಕಿಲ್ಲ" ಅಂತ ಹೇಳಿ. ಸೀರಂ ಅಂದರೆ ಗಾಯದೊಳಗೇ ಚುಚ್ಚುವ ಔಷಧಿ, ಮುಂದೆ ಬಿಡಿಸಿ ಹೇಳುತ್ತೇನೆ. ಹೊಲಿಗೆ ಬೇಕೇ ಬೇಕಾದರೂ ಅದು ಸೀರಂ ಆದಮೇಲೆ.

ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋದಾಗ ಬಾಗಿಲು ಹಾಕುವ ಸಮಯ. ಚೀಟಿ ಬರೆಯುವವರು, "ಬೆಳಿಗ್ಗೆ ತೆಗೆದ ಲಸಿಕೆಯ ವಯಲ್ (ಪುಟ್ಟ ಸೀಸೆ) ಮುಗೀತು. ಈಗ ಹೊಸದು ತೆಗೆದರೆ ಉಳಿದದ್ದು ವೇಸ್ಟ್ ಆಗುತ್ತೆ. ನಾಳೆ ಬೆಳಿಗ್ಗೆ ಬನ್ನಿ, ನಾಲ್ಕೈದು ಜನ ಇರ್ತಾರೆ" ಎಂದರು. ನನಗೆ ಕಣ್ಣು ಕತ್ತಲೆ ಬಂದ ಹಾಗಾಯಿತು. ಜಗಳ ಮಾಡುವಷ್ಟು ಧೈರ್ಯವೂ ಇರಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಹಿರಿಯ ಸಿಸ್ಟರ್ ಬಂದು ಮಗಳ ಕಾಲು ನೋಡಿದರು. "ರಕ್ತ ಬಂದಿದೆಯಲ್ಲಾ, ಇದಕ್ಕೆ ನಾಳೆ ಅನ್ನೋದಿಲ್ಲ" ಎಂದು ಹೊಸ ವಯಲ್ ತೆಗೆದರು.

ವಯಲ್ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅದು ಅರ್ಥವಾದ ಮೇಲೆ ನನ್ನ ಸಿಟ್ಟು ಕಡಿಮೆಯಾಯಿತು. ಈ ಲಸಿಕೆಯನ್ನು ಎರಡು ರೀತಿ ಕೊಡುತ್ತಾರೆ. ಒಂದು, ಸ್ನಾಯುವಿನೊಳಗೆ. ಆಗ ಒಬ್ಬರಿಗೆ ಒಂದು ಸಲಕ್ಕೆ ಇಡೀ ವಯಲ್ ಬೇಕು. ಇನ್ನೊಂದು, ಚರ್ಮದ ಪದರದೊಳಗೆ. ಇದರಲ್ಲಿ ಒಂದೊಂದು ತೋಳಿಗೆ 0.1 ಮಿಲಿಲೀಟರ್ ಮಾತ್ರ. ಎರಡೂ ಸೇರಿ 0.2. ಹಾಗಾಗಿ ಒಂದು ಮಿಲಿಲೀಟರಿನ ವಯಲ್‌ನಲ್ಲಿ ಐದು ಜನಕ್ಕೆ ಆಗುತ್ತದೆ. ರಕ್ಷಣೆ ಎರಡರಲ್ಲೂ ಸಮಾನ, ಲಸಿಕೆ ಮಾತ್ರ ತುಂಬಾ ಉಳಿಯುತ್ತದೆ. ಆದರೆ ಒಮ್ಮೆ ತೆರೆದ ವಯಲನ್ನು ತಣ್ಣಗಿಟ್ಟರೂ ಆರರಿಂದ ಎಂಟು ಗಂಟೆಯೊಳಗೆ ಮುಗಿಸಬೇಕು. ಸ್ಟಾಕ್ ಕಡಿಮೆ ಇರುವ ಕಡೆ ಸಿಬ್ಬಂದಿ ಒಂದಷ್ಟು ಜನ ಸೇರಲಿ ಅಂತ ಕಾಯುವುದು ಇದಕ್ಕೇ. ನಾಳೆ ಬರುವ ಇನ್ಯಾರದೋ ಮಗುವಿಗೂ ಲಸಿಕೆ ಉಳಿಯಬೇಕಲ್ಲ ಅನ್ನುವುದು ಅವರ ಚಿಂತೆ. ಆದರೂ ರಕ್ತ ಬಂದ ಗಾಯಕ್ಕೆ ಮೊದಲ ಡೋಸ್ ಮುಂದೂಡಬಾರದು. ಹಾಗಾಗಿ ಕೌಂಟರಿನಲ್ಲಿ "ನಾಯಿ ಕಚ್ಚಿದೆ" ಅಂತಷ್ಟೇ ಹೇಳಬೇಡಿ. "ಚರ್ಮ ಹರಿದು ರಕ್ತ ಬಂದಿದೆ" ಅಂತ ಹೇಳಿ. ಆ ಮಾತಿಗೇ ಬೇರೆ ತೂಕ.

ಕಚ್ಚಿದ ಗಾಯಗಳನ್ನು ಅವರು ಮೂರು ದರ್ಜೆ ಮಾಡುತ್ತಾರೆ. ನಾಯಿಯನ್ನು ಮುಟ್ಟಿದ್ದು, ಗಾಯವಿಲ್ಲದ ಚರ್ಮ ನೆಕ್ಕಿದ್ದು ಒಂದನೆಯದು. ಅದಕ್ಕೆ ತೊಳೆದರೆ ಸಾಕು. ರಕ್ತ ಬರದ ಸಣ್ಣ ಗೀರು, ಹಲ್ಲು ತಾಗಿದ್ದು ಎರಡನೆಯದು. ಅದಕ್ಕೆ ತೊಳೆದು ಲಸಿಕೆ. ಚರ್ಮ ತೂತಾಗಿ ರಕ್ತ ಬಂದರೆ, ಅಥವಾ ಗಾಯದ ಮೇಲೆ, ಕಣ್ಣು ಬಾಯಿಯ ಒಳಪೊರೆಗೆ ಜೊಲ್ಲು ತಾಗಿದರೆ ಮೂರನೆಯದು. ಅದಕ್ಕೆ ಲಸಿಕೆಯ ಜೊತೆಗೆ ಸೀರಂ ಕೂಡ ಬೇಕು. ಸಿಸ್ಟರ್ ಮಗಳ ಚೀಟಿಯ ಮೇಲೆ ದೊಡ್ಡದಾಗಿ ಮೂರು ಅಂತ ಬರೆದು ವೃತ್ತ ಹಾಕಿದರು.

ಎರಡೂ ತೋಳಿನಲ್ಲಿ ಪುಟ್ಟ ಗುಳ್ಳೆ ಎದ್ದಿತು. "ಹಾಗೆ ಗುಳ್ಳೆ ಬಂದರೇನೇ ಸರಿಯಾಗಿ ಬಿತ್ತು ಅಂತ. ಉಜ್ಜಬೇಡ ಪುಟ್ಟಾ" ಎಂದರು ಸಿಸ್ಟರ್. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಅಮ್ಮಾ, ಅರ್ಧ ಕೆಲಸ ಆಯ್ತು. ಸೀರಂ ನಮ್ಮಲ್ಲಿಲ್ಲ. ಈಗಲೇ ದೊಡ್ಡಾಸ್ಪತ್ರೆಗೆ ಹೋಗಿ" ಎಂದು ರೆಫರ್ ಪತ್ರ ಬರೆದರು.

ಲಸಿಕೆಗೂ ಸೀರಂಗೂ ವ್ಯತ್ಯಾಸ ಏನು ಅಂತ ನನಗೆ ಗೊತ್ತಿರಲಿಲ್ಲ. ನಿಮಗೂ ಗೊತ್ತಿಲ್ಲದಿದ್ದರೆ ಇಲ್ಲಿ ಒಂದು ನಿಮಿಷ ನಿಲ್ಲಿ. ಲಸಿಕೆ ನಮ್ಮ ಮೈಗೆ ಪಾಠ ಹೇಳಿಕೊಡುತ್ತದೆ. ಮೈ ಅದನ್ನು ಕಲಿತು ತಾನೇ ಪ್ರತಿಕಾಯ, ಅಂದರೆ ವೈರಸ್ಸನ್ನು ತಡೆಯುವ ಅಂಶ, ತಯಾರಿಸಲು ಒಂದು ವಾರಕ್ಕೂ ಜಾಸ್ತಿ ಬೇಕಾಗಬಹುದು. ಆ ಮಧ್ಯದ ದಿನಗಳಲ್ಲಿ ಗಾಯದಲ್ಲಿರುವ ವೈರಸ್ಸನ್ನು ಯಾರು ತಡೆಯಬೇಕು? ಅದಕ್ಕೆ ಸಿದ್ಧ ಪ್ರತಿಕಾಯವನ್ನೇ ಗಾಯದೊಳಗೆ ಚುಚ್ಚುತ್ತಾರೆ. ಅದೇ ಸೀರಂ, ಪೂರ್ತಿ ಹೆಸರು ರೇಬೀಸ್ ಇಮ್ಯುನೋಗ್ಲೋಬ್ಯುಲಿನ್. ಮನುಷ್ಯರ ರಕ್ತದಿಂದಲೋ ಕುದುರೆಯ ರಕ್ತದಿಂದಲೋ ತಯಾರಾಗುತ್ತದೆ. ಹಾಗಾಗಿ ಎಲ್ಲ ಕಡೆ ಸುಲಭವಾಗಿ ಸಿಗುವುದಿಲ್ಲ. ಮೊದಲ ಲಸಿಕೆ ಬಿದ್ದು ಏಳು ದಿನ ದಾಟಿದರೆ ಇದನ್ನು ಹಾಕುವುದಿಲ್ಲ, ಅಷ್ಟರಲ್ಲಿ ಮೈ ತಾನೇ ಕೆಲಸ ಶುರು ಮಾಡಿರುತ್ತದೆ. "ಇಂಜೆಕ್ಷನ್ ಆಯ್ತಲ್ಲ" ಅಂತ ಮನೆಗೆ ಹೋಗಿಬಿಡುವವರು ಜಾಸ್ತಿ ಅಂತ ಸಿಸ್ಟರ್ ಹೇಳಿದರು. ನಾನೂ ಹೋಗಿಬಿಡುತ್ತಿದ್ದೆ.

ಪತ್ರ ಕೈಗೆ ಬಂದ ತಕ್ಷಣ ಎರಡು ವಿಷಯ ನೋಡಿಕೊಳ್ಳಿ. ಒಂದು, ಸೀಲು. ನಮ್ಮ ಪತ್ರದಲ್ಲಿ ಸಹಿ ಇತ್ತು, ಸೀಲಿರಲಿಲ್ಲ. ಗೇಟಿನ ತನಕ ಹೋಗಿ ವಾಪಸ್ ಬಂದು ಹಾಕಿಸಿಕೊಂಡೆ. ಇನ್ನೊಂದು, ಫೋಟೊ. ಪತ್ರ, ಚೀಟಿ, ಕಾರ್ಡ್ ಮೂರನ್ನೂ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಇದು ನನ್ನನ್ನು ಎಷ್ಟು ಕಾಪಾಡಿತು ಅಂತ ಮುಂದೆ ಹೇಳುತ್ತೇನೆ.

ದೊಡ್ಡಾಸ್ಪತ್ರೆ ತಲುಪಿದಾಗ ಆರೂವರೆ. ನನ್ನ ಗಂಡ ಕೆಲಸದಿಂದ ನೇರ ಅಲ್ಲಿಗೇ ಬಂದರು. ಒಳಗೆ ಕಾಲಿಡಲು ಜಾಗವಿಲ್ಲ. ಜ್ವರದ ಮಕ್ಕಳು, ಗೋಡೆಗೆ ಒರಗಿ ನೆಲದ ಮೇಲೆ ಕೂತ ಮುದುಕರು, ಒಂದೇ ಸ್ಟ್ರೆಚರ್ ಮೇಲೆ ಇಬ್ಬರು. ಉದ್ದನೆಯ ಕ್ಯೂ ಕಂಡಿತು, ನಿಂತೆವು. ಒಂದು ಗಂಟೆ ಇಪ್ಪತ್ತು ನಿಮಿಷ ಆದಮೇಲೆ ಕಿಟಕಿ ಹತ್ತಿರ ಬಂದೆವು. "ಇದು ನಾಳೆಯ ಓಪಿಡಿ ಟೋಕನ್ ಕ್ಯೂ. ನೀವು ಕ್ಯಾಶುವಾಲ್ಟಿಗೆ ಹೋಗಬೇಕಿತ್ತು" ಎಂದರು. ಮಗಳು ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ನನ್ನ ಗಂಡ ಏನೂ ಮಾತಾಡದೆ ಅವಳನ್ನು ಎತ್ತಿಕೊಂಡರು. ಅವರ ಮುಖ ನೋಡಿ ನನಗೆ ಅಳು ಬಂತು.

ಹಾಗಾಗಿ ಇದನ್ನು ನೆನಪಿಡಿ. ಕ್ಯೂ ಕಂಡ ತಕ್ಷಣ ನಿಲ್ಲಬೇಡಿ. ಒಬ್ಬರು ಕ್ಯೂನಲ್ಲಿ ಜಾಗ ಹಿಡಿಯಿರಿ, ಇನ್ನೊಬ್ಬರು ಮುಂದೆ ಹೋಗಿ "ಇದು ಯಾವುದರ ಕ್ಯೂ" ಅಂತ ಕೇಳಿಬನ್ನಿ. ಮೂರನೇ ದರ್ಜೆಯ ಗಾಯಕ್ಕೆ ಮೊದಲ ದಿನದ ಚಿಕಿತ್ಸೆ ಹಗಲು ರಾತ್ರಿ ಅನ್ನದೆ ತುರ್ತು ವಿಭಾಗದಲ್ಲಿ ಸಿಗಬೇಕು. ಓಪಿಡಿ ಅನ್ನುವುದು ಆಮೇಲಿನ ಡೋಸ್‌ಗಳಿಗೆ.

ಕ್ಯಾಶುವಾಲ್ಟಿಯಲ್ಲಿ ಇದ್ದದ್ದು ಇಬ್ಬರು ಡಾಕ್ಟರು. ನಾವು ಕಾಯುತ್ತಿದ್ದಾಗಲೇ ಅಪಘಾತದ ಕೇಸು ಬಂತು, ಇಬ್ಬರೂ ಅಲ್ಲಿಗೆ ಓಡಿದರು. ಅದು ತಪ್ಪು ಅಂತ ನಾನು ಹೇಳಲಾರೆ. ನನ್ನ ಮಗಳಿಗೆ ಆ ರಾತ್ರಿಯೊಳಗೆ ಆದರೆ ಸಾಕಿತ್ತು, ಆ ಹುಡುಗನಿಗೆ ಆ ನಿಮಿಷವೇ ಬೇಕಿತ್ತು. ಒಂಬತ್ತೂವರೆಗೆ ನಮ್ಮನ್ನು ಕರೆದರು. ಡಾಕ್ಟರ್ ಪತ್ರ ಓದಿ, ಗಾಯ ನೋಡಿ, ಸೀರಂ ಬರೆದರು. ಔಷಧಿ ಸ್ಟೋರಿನಲ್ಲಿ ಫ್ರಿಜ್ಜಿನ ಬೀಗದ ಕೈ ಇದ್ದವರು ಇನ್ನೊಂದು ಬ್ಲಾಕಿಗೆ ಹೋಗಿದ್ದರು. ಮತ್ತೆ ಮುಕ್ಕಾಲು ಗಂಟೆ. ಹೊರಗಡೆ ದುಡ್ಡು ಕೊಟ್ಟಾದರೂ ತರ್ತೀನಿ ಅಂತ ನನ್ನ ಗಂಡ ಹೊರಟುಬಿಟ್ಟಿದ್ದರು. "ಇದೆ, ಎರಡು ವಯಲ್ ಇದೆ, ಸುಮ್ನೆ ಗಾಬರಿ ಆಗಬೇಡಿ" ಎಂದು ವಾರ್ಡ್ ಸಿಸ್ಟರ್ ಕೂರಿಸಿದರು.

ಇಲ್ಲಿ ಆದ ಒಂದು ಘಟನೆಯನ್ನು ಮರೆಯುವುದಿಲ್ಲ. ಲಸಿಕೆಯ ಡೋಸ್ ಮಗುವಿಗೂ ದೊಡ್ಡವರಿಗೂ ಒಂದೇ. ಸೀರಂ ಹಾಗಲ್ಲ, ಮೈತೂಕದ ಲೆಕ್ಕ. ಕುದುರೆಯದಾದರೆ ಕಿಲೋಗೆ 40 ಯೂನಿಟ್, ಮನುಷ್ಯರದಾದರೆ ಕಿಲೋಗೆ 20. ನಮಗೆ ಸಿಕ್ಕಿದ್ದು ಕುದುರೆಯದು, ಒಂದು ಮಿಲಿಲೀಟರಿಗೆ 300 ಯೂನಿಟ್ ಇರುವಂಥದ್ದು. ಸಿಸ್ಟರ್ ಲೆಕ್ಕ ಹಾಕುತ್ತಾ, "480 ಯೂನಿಟ್, 1.6 ಮಿಲಿ" ಅಂತ ಜೋರಾಗಿ ಹೇಳಿಕೊಂಡರು. ನಾನು ಚೀಟಿಗೆ ಬಗ್ಗಿ ನೋಡಿದೆ. ತೂಕ 12 ಅಂತ ಇತ್ತು. ಮಗಳ ತೂಕ 21. ಅಂಕಿ ಅದಲು ಬದಲಾಗಿತ್ತು. "ಸಿಸ್ಟರ್, ಇವಳು 21 ಕಿಲೋ" ಎಂದೆ. ಅವರು ಒಂದು ಕ್ಷಣ ಕಣ್ಣು ಮುಚ್ಚಿ, ತೂಕದ ಯಂತ್ರವನ್ನೇ ಎಳೆದು ತಂದು ಮಗಳನ್ನು ನಿಲ್ಲಿಸಿದರು. 21. ಆಗ 840 ಯೂನಿಟ್, 2.8 ಮಿಲಿ. ಸಿರಿಂಜಿಗೆ ಮತ್ತೆ ಔಷಧಿ ಎಳೆದರು. "ಹೇಳಿದ್ದು ಒಳ್ಳೆಯದಾಯ್ತಮ್ಮಾ. ಬೆಳಿಗ್ಗೆಯಿಂದ ಇಲ್ಲೇ ಇದ್ದೀನಿ, ನೈಟಿನವರು ಬಂದಿಲ್ಲ" ಎಂದರು. ಅವರ ಮೇಲೆ ನನಗೆ ಕೋಪ ಬರಲಿಲ್ಲ. ಹದಿನಾಲ್ಕು ಗಂಟೆ ನಿಂತು ಕೆಲಸ ಮಾಡಿದವರ ಕಣ್ಣಿಗೆ 21 ಮತ್ತು 12 ಒಂದೇ ಥರ ಕಾಣಬಹುದು. ನೀವು ಹೋದಾಗ ಮಗುವಿನ ತೂಕ ನೀವೇ ಬಾಯಿ ಬಿಟ್ಟು ಹೇಳಿ. ಚೀಟಿಯಲ್ಲಿ ಬರೆದದ್ದನ್ನು ಓದಿ ನೋಡಿ. ಇದರಲ್ಲಿ ಸಂಕೋಚ ಬೇಡ.

ಸೀರಂ ನೋವಾಗುತ್ತದೆ. ಮಗುವಿಗೆ ಸುಳ್ಳು ಹೇಳಬೇಡಿ. ತೋಳಿಗೆ ಹಾಕುವ ಸೂಜಿಯಲ್ಲ ಅದು. ಗಾಯದ ಒಳಗೂ ಸುತ್ತಲೂ ಆ ಔಷಧಿ ತುಂಬಬೇಕು. ಎರಡು ತೂತು, ಒಂದು ಗೀರು, ಸುಮಾರು ಆರು ಸಲ ಚುಚ್ಚಿದರು. ಅವಳ ತಂದೆ ಕಾಲು ಹಿಡಿದುಕೊಂಡರು, ನಾನು ಮುಖ ಹಿಡಿದುಕೊಂಡೆ. "ಅಮ್ಮಾ ಸಾಕು ಅನ್ನು, ಅವರಿಗೆ ಸಾಕು ಅನ್ನು" ಅಂತ ಕೂಗುತ್ತಿದ್ದಳು. ನಾನು ಸಾಕು ಅನ್ನಲಿಲ್ಲ. ಹನ್ನೊಂದೂ ಮುಕ್ಕಾಲಿಗೆ ಹೊರಗೆ ಬಂದೆವು. ಅಲರ್ಜಿ ಏನಾದರೂ ಆಗುತ್ತಾ ಅಂತ ಅರ್ಧ ಗಂಟೆ ಕೂರಿಸಿ ನೋಡಿದ ಮೇಲೆ ಕಳಿಸಿದರು.

ಆ ರಾತ್ರಿ ನಿದ್ದೆ ಬರಲಿಲ್ಲ. ಮೊಬೈಲಿನಲ್ಲಿ ಹುಡುಕುತ್ತಾ ಕೂತೆ. ಲಕ್ಷಣ ಶುರುವಾದ ಮೇಲೆ ರೇಬೀಸ್ ಹೆಚ್ಚುಕಡಿಮೆ ಎಲ್ಲರಲ್ಲೂ ಸಾವಿನಲ್ಲೇ ಮುಗಿಯುತ್ತದೆ. ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 59,000 ಜನ ಸಾಯುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅದರಲ್ಲಿ ನೂರಕ್ಕೆ ನಲವತ್ತರಷ್ಟು 15 ವರ್ಷದೊಳಗಿನ ಮಕ್ಕಳು. ಓದುತ್ತಾ ಹೋದ ಹಾಗೆ ಎದೆ ಬಡಿತ ಜಾಸ್ತಿಯಾಯಿತು. ಆದರೆ ಅಲ್ಲೇ ಇನ್ನೊಂದು ಮಾತೂ ಇತ್ತು. ತೊಳೆಯುವುದು, ಲಸಿಕೆ, ಸೀರಂ ಮೂರೂ ಸಮಯಕ್ಕೆ ಸರಿಯಾಗಿ ಆದರೆ ರೋಗ ಬರುವುದನ್ನು ತಡೆಯಬಹುದು. ಮೂರೂ ಆಗಿದೆ ಅಂತ ಬೆರಳಲ್ಲಿ ಎಣಿಸಿಕೊಂಡು ಬೆಳಗು ಮಾಡಿದೆ. ನೀವು ರಾತ್ರಿ ಹೊತ್ತು ಇದನ್ನೆಲ್ಲ ಹುಡುಕಬೇಡಿ.

ಬೆಳಿಗ್ಗೆ ಅತ್ತೆ ಫೋನ್ ಮಾಡಿ ಅಳುತ್ತಿದ್ದರು. "ಹೊಟ್ಟೆ ಸುತ್ತ ಹದಿನಾಲ್ಕು ಸೂಜಿ ಅಂತೆ, ಆ ಕೂಸು ಹೇಗೆ ತಡೆಯುತ್ತೆ?" ಅದು ಹಳೆಯ ಲಸಿಕೆ. ಪ್ರಾಣಿಗಳ ನರದ ಅಂಗಾಂಶದಿಂದ ಮಾಡುತ್ತಿದ್ದರು. ಈಗಿನದು ಬೇರೆಯೇ. ನಮಗೆ ಬರೆದುಕೊಟ್ಟದ್ದು 0, 3, 7 ಮತ್ತು 28ನೇ ದಿನ. ಸ್ನಾಯುವಿಗೆ ಕೊಡುವ ಕಡೆ 14ನೇ ದಿನವೂ ಇರಬಹುದು. ಯಾವ ಆಸ್ಪತ್ರೆಯಲ್ಲಿ ಯಾವ ಪದ್ಧತಿಯೋ ಅದರ ಪ್ರಕಾರ ನಡೆಯಿರಿ, ಪಕ್ಕದವರ ಕಾರ್ಡ್ ನೋಡಿ ಗಾಬರಿಯಾಗಬೇಡಿ. ಇಲ್ಲಿ ಒಂದು ಗೊಂದಲ ಎಲ್ಲರಿಗೂ ಆಗುತ್ತದೆ. 0 ಅಂದರೆ ಕಚ್ಚಿದ ದಿನ ಅಲ್ಲ, ಮೊದಲ ಲಸಿಕೆ ಬಿದ್ದ ದಿನ. ಎಣಿಕೆ ಅಲ್ಲಿಂದ. ದೊಡ್ಡವರಿಗೂ ಮಕ್ಕಳಿಗೂ ಲಸಿಕೆಯನ್ನು ತೋಳಿಗೆ, ತೀರಾ ಚಿಕ್ಕ ಮಕ್ಕಳಿಗೆ ತೊಡೆಗೆ ಕೊಡುತ್ತಾರೆ. ಸೊಂಟದ ಕೆಳಗೆ ಹಿಂಭಾಗಕ್ಕೆ ಕೊಡಬಾರದು.

ನಮ್ಮ 3ನೇ ದಿನ ಭಾನುವಾರ ಬಿತ್ತು. ಅದನ್ನು ನಾನು ಶನಿವಾರ ರಾತ್ರಿ ಗಮನಿಸಿದೆ. ಆರೋಗ್ಯ ಕೇಂದ್ರಕ್ಕೆ ರಜೆ. ದೊಡ್ಡಾಸ್ಪತ್ರೆಯ ಇಂಜೆಕ್ಷನ್ ರೂಮಿಗೂ ಬೀಗ. ಕ್ಯಾಶುವಾಲ್ಟಿಯಲ್ಲಿ, "ಮೊದಲ ಡೋಸ್ ಇಲ್ಲಿ ಆಗಿಲ್ಲ, ನಮ್ಮ ರಿಜಿಸ್ಟರಿನಲ್ಲಿ ಇಲ್ಲ, ಎಲ್ಲಿ ತಗೊಂಡಿರೋ ಅಲ್ಲೇ ಹೋಗಿ" ಎಂದರು. ರೆಫರ್ ಪತ್ರವನ್ನು ಗುರುವಾರ ರಾತ್ರಿಯೇ ಅವರು ಫೈಲಿಗೆ ಹಾಕಿಕೊಂಡಿದ್ದರು. ಆ ಫೈಲ್ ಇರುವ ರೂಮೂ ಭಾನುವಾರ ತೆಗೆಯುವುದಿಲ್ಲ. ನನ್ನ ಹತ್ತಿರ ಉಳಿದದ್ದು ಮೊಬೈಲಿನ ಫೋಟೊ ಮಾತ್ರ. ಅದನ್ನು ತೋರಿಸಿದೆ. ಸೀಲು ಕಂಡ ಮೇಲೆ ಒಪ್ಪಿದರು. ಆದರೆ ವಯಲ್ ತೆರೆಯಲು ಇನ್ನೂ ಮೂರು ಜನ ಬರಲಿ ಎಂದರು. ಎರಡು ಗಂಟೆ ನಲವತ್ತು ನಿಮಿಷ ಕಾದೆವು. ಮೊದಲ ದಿನವೇ ಕ್ಯಾಲೆಂಡರ್ ತೆಗೆದು ನಿಮ್ಮ ನಾಲ್ಕೂ ದಿನ ಯಾವ ವಾರ ಬೀಳುತ್ತೆ ಅಂತ ನೋಡಿ. ರಜೆ ಬಂದರೆ "ಅವತ್ತು ಎಲ್ಲಿ ಕೊಡ್ತೀರಾ" ಅಂತ ಆಗಲೇ ಕೇಳಿ ಕಾರ್ಡಿನ ಮೇಲೆ ಬರೆಸಿಕೊಳ್ಳಿ.

ಆ ಕಾಯುವಿಕೆಯಲ್ಲಿ ಮಗಳಿಗೆ ಒಂದು ಕಥೆ ಹೇಳಿದೆ, ನಿಜವಾಗಿ ನಡೆದದ್ದು. 1885ರ ಜುಲೈನಲ್ಲಿ ಜೋಸೆಫ್ ಮೈಸ್ಟರ್ ಅನ್ನೋ ಒಂಬತ್ತು ವರ್ಷದ ಹುಡುಗನನ್ನು ಹುಚ್ಚುನಾಯಿ ಕಚ್ಚಿತ್ತು. ಎರಡು ದಿನ ಆದಮೇಲೆ ಅವನ ಅಮ್ಮ ಅವನನ್ನು ಕರೆದುಕೊಂಡು ಪ್ಯಾರಿಸ್‌ಗೆ, ಲೂಯಿ ಪಾಶ್ಚರ್ ಹತ್ತಿರ ಹೋದಳು. ಪಾಶ್ಚರ್ ಅದುವರೆಗೆ ಆ ಲಸಿಕೆಯನ್ನು ನಾಯಿಗಳ ಮೇಲೆ ಪರೀಕ್ಷಿಸಿದ್ದರು. ಅವರು ವೈದ್ಯರಲ್ಲ, ಹಾಗಾಗಿ ಸೂಜಿ ಚುಚ್ಚಿದ್ದು ಬೇರೆ ಡಾಕ್ಟರು. ಹತ್ತು ದಿನದಲ್ಲಿ ಹದಿಮೂರು ಸೂಜಿ. ಹುಡುಗ ಬದುಕಿದ. "ಅವನೂ ಅತ್ತಿದ್ನಾ?" ಅಂತ ಕೇಳಿದಳು. ಅತ್ತಿರಬಹುದು ಎಂದೆ. ನನ್ನ ಮನಸ್ಸೆಲ್ಲ ಆ ತಾಯಿಯ ಮೇಲಿತ್ತು. ಅವಳ ಮುಂದೆ ಕ್ಯೂ ಇರಲಿಲ್ಲ, ಖಾತ್ರಿಯೂ ಇರಲಿಲ್ಲ.

7ನೇ ದಿನ ಗುರುವಾರ. ಆರೋಗ್ಯ ಕೇಂದ್ರಕ್ಕೆ ಎಂಟೂವರೆಗೇ ಹೋದೆವು. ನಮ್ಮ ಮುಂದೆ ಆಗಲೇ ನಲವತ್ತು ಜನ. ಹಿರಿಯ ಸಿಸ್ಟರ್ ಇರಲಿಲ್ಲ. ಒಂದೆರಡು ಬಡಾವಣೆಗಳಲ್ಲಿ ಮಕ್ಕಳಿಗೆ ದಡಾರ ಬಂದಿತ್ತು. ಲಸಿಕೆ ತಪ್ಪಿದ ಮಕ್ಕಳನ್ನು ಹುಡುಕಿ ಹಾಕಲು ಇದ್ದ ಮೂವರಲ್ಲಿ ಇಬ್ಬರು ಸಿಸ್ಟರನ್ನು ಮನೆಮನೆಗೆ ಕಳಿಸಿದ್ದರು. ಉಳಿದ ಒಬ್ಬರೇ ಬಾಣಂತಿಯರನ್ನೂ ನೋಡಬೇಕು, ಕೂಸುಗಳ ಲಸಿಕೆಯನ್ನೂ ಹಾಕಬೇಕು, ನಾಯಿ ಕಚ್ಚಿದವರನ್ನೂ ವಿಚಾರಿಸಬೇಕು.

ಅಲ್ಲಿ ಕೂತಾಗ ನನಗೆ ಒಂದು ವಿಷಯ ಹೊಳೆಯಿತು. ದಡಾರ ತುಂಬಾ ಬೇಗ ಹರಡುವ ಕಾಯಿಲೆ. ಹೆಚ್ಚಿನವರಿಗೆ ಲಸಿಕೆ ಆಗಿರದ ಕಡೆ ಒಬ್ಬ ರೋಗಿಯಿಂದ 12ರಿಂದ 18 ಜನಕ್ಕೆ ಅಂಟಬಲ್ಲದು. ಅದನ್ನು ತಡೆಯಬೇಕಾದರೆ ನೂರರಲ್ಲಿ 95 ಮಕ್ಕಳಿಗೆ ಎರಡೂ ಡೋಸ್ ಆಗಿರಬೇಕು. ನೂರಕ್ಕೆ 85 ಆಯ್ತಲ್ಲ, ಪರವಾಗಿಲ್ಲ ಅಂದುಕೊಂಡರೆ ಆಗುವುದಿಲ್ಲ. ಯಾವುದೋ ಮನೆಯಲ್ಲಿ ಒಂದು ಮಗುವಿನ ಡೋಸ್ ತಪ್ಪುತ್ತದೆ, ಆಮೇಲೆ ಇನ್ನೊಂದರದ್ದು, ಮತ್ತೊಂದರದ್ದು. ಆಮೇಲೆ ಒಂದು ದಿನ ಇಡೀ ಕೇಂದ್ರದ ಸಿಬ್ಬಂದಿ ಅದರ ಹಿಂದೆ ಓಡಬೇಕಾಗುತ್ತದೆ. ಆ ದಿನ ನಾಯಿ ಕಚ್ಚಿದ ನನ್ನ ಮಗಳು ಬಿಸಿಲಿನಲ್ಲಿ ಕಾಯುತ್ತಾಳೆ. ಅವಳ ಹಿಂದೆ ನಿಂತ ಗರ್ಭಿಣಿಯೂ ಕಾಯುತ್ತಾಳೆ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಇವತ್ತೇ ಅವರ ಲಸಿಕೆ ಕಾರ್ಡ್ ತೆಗೆದು ನೋಡಿ. ಇದನ್ನು ಕೈಮುಗಿದು ಕೇಳುತ್ತೇನೆ. ನಾನೂ ಅವತ್ತು ಮನೆಗೆ ಬಂದು ಮಗಳ ಹಳೆಯ ಕಾರ್ಡ್ ನೋಡಿದೆ, ಎರಡೂ ಆಗಿತ್ತು.

ಮೂರನೇ ಡೋಸ್ ಬಿದ್ದದ್ದು ಹನ್ನೆರಡೂಕಾಲಿಗೆ. ಅವತ್ತು ರಾತ್ರಿ ಸಣ್ಣಗೆ ಜ್ವರ ಬಂತು. ನನ್ನ ಜೀವ ಬಾಯಿಗೆ ಬಂದಿತ್ತು. ಲಸಿಕೆಯಿಂದ ಸ್ವಲ್ಪ ಜ್ವರ, ತೋಳಿನಲ್ಲಿ ನವೆ, ಕೆಂಪಾಗುವುದು ಇವೆಲ್ಲ ಆಗುತ್ತವೆ ಅಂತ ಬೆಳಿಗ್ಗೆ ಫೋನಿನಲ್ಲಿ ಡಾಕ್ಟರ್ ಸಮಾಧಾನ ಹೇಳಿದರು. ಜ್ವರ ಬಂತು ಅಂತ ಮುಂದಿನ ಡೋಸ್ ಬಿಡುವ ಹಾಗಿಲ್ಲ.

ಇನ್ನು ಆ ನಾಯಿಯ ವಿಷಯ. ಕಚ್ಚಿದ ನಾಯಿಯನ್ನು ಹತ್ತು ದಿನ ಗಮನಿಸಬೇಕು. ಜೊಲ್ಲಿನಲ್ಲಿ ವೈರಸ್ ಇದ್ದರೆ ನಾಯಿ ಅಷ್ಟರೊಳಗೆ ಕಾಯಿಲೆ ಬಿದ್ದು ಸಾಯುತ್ತದೆ. ಹಾಗಂತ ಹತ್ತು ದಿನ ನೋಡಿ ಆಮೇಲೆ ಲಸಿಕೆ ಶುರು ಮಾಡೋಣ ಅಂದುಕೊಳ್ಳಬೇಡಿ. ಚಿಕಿತ್ಸೆ ಮೊದಲು, ನಾಯಿಯನ್ನು ನೋಡುವುದು ಜೊತೆಜೊತೆಗೆ. ನಾಯಿಗೆ ಲಸಿಕೆ ಆಗಿದೆ ಅಂತ ಪಕ್ಕದ ಬೀದಿಯ ಒಬ್ಬರು ಹೇಳಿದರು. ಯಾವಾಗ, ಎಲ್ಲಿ ಅಂತ ಕೇಳಿದರೆ ಯಾರ ಹತ್ತಿರವೂ ಕಾಗದ ಇಲ್ಲ. ಕೆಲವರು ನಾಯಿಯನ್ನು ಹೊಡೆದು ಹಾಕೋಣ ಎಂದರು. ನಾನು ಬೇಡ ಎಂದೆ. ಅದು ಕಣ್ಣ ಮುಂದೆ ಇದ್ದರೇನೇ ನನಗೆ ಉತ್ತರ ಸಿಗುವುದು. ದಿನಾ ಬೆಳಿಗ್ಗೆ ಹೋಗಿ ದೂರದಿಂದ ನೋಡಿ ಬರುತ್ತಿದ್ದೆ. ನೀರು ಕುಡಿಯುತ್ತಿದೆಯಾ, ನಡಿಗೆ ಸರಿಯಿದೆಯಾ ಅಂತ. ಹನ್ನೊಂದನೇ ದಿನವೂ ಅದು ಅದೇ ಗೇಟಿನ ಪಕ್ಕ ಮಲಗಿತ್ತು, ಬಾಲ ಅಲ್ಲಾಡಿಸಿತು. ರಸ್ತೆಯಲ್ಲೇ ನಿಂತು ಅತ್ತುಬಿಟ್ಟೆ.

ನಾಯಿ ಹತ್ತು ದಿನ ಆರೋಗ್ಯವಾಗಿದ್ದರೆ ಉಳಿದ ಡೋಸ್ ನಿಲ್ಲಿಸಬಹುದು ಅಂತ ನಿಯಮವಿದೆ. ಆದರೆ ಅದನ್ನು ಡಾಕ್ಟರ್ ಹೇಳಬೇಕು, ನಾವೇ ತೀರ್ಮಾನ ಮಾಡಬಾರದು. ನಮ್ಮ ಡಾಕ್ಟರ್, "ಒಂದೇ ಉಳಿದಿದೆ, ಮುಗಿಸಿಬಿಡಿ. ಬೀದಿಯಲ್ಲಿ ಆಡುವ ಮಗು, ಮುಂದಕ್ಕೂ ಒಳ್ಳೆಯದು" ಎಂದರು.

ಬೀದಿಯ ಹತ್ತು ಜನ ಸೇರಿ ಈಗ ಆ ನಾಯಿಗೂ ಅದರ ಜೊತೆಗಿನ ಆರಕ್ಕೂ ಲಸಿಕೆ ಹಾಕಿಸಿದ್ದೇವೆ. ಮನುಷ್ಯರಿಗೆ ಬರುವ ರೇಬೀಸ್‌ನಲ್ಲಿ ನೂರಕ್ಕೆ 99ರಷ್ಟು ನಾಯಿಯಿಂದಲೇ. ಒಂದು ಪ್ರದೇಶದ ನಾಯಿಗಳಲ್ಲಿ ನೂರಕ್ಕೆ 70ಕ್ಕೆ ಲಸಿಕೆ ಆಗಿದ್ದರೆ ರೋಗ ಹರಡುವ ಸರಪಳಿ ಕಡಿಯುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾಯಿಗಳಿಗೇ ರೋಗ ಇಲ್ಲ ಅಂತಾದರೆ ಇಷ್ಟು ಸೀರಂ, ಇಷ್ಟು ವಯಲ್ ಯಾರಿಗೆ ಬೇಕು? ಈ ಕ್ಯೂ ಶುರುವಾಗುವುದು ಆಸ್ಪತ್ರೆಯಲ್ಲಿ ಅಲ್ಲ, ನಮ್ಮ ಬೀದಿಯಲ್ಲಿ.

ಖರ್ಚಿನ ಬಗ್ಗೆ ಕೇಳುವವರಿಗೆ ಹೇಳುತ್ತೇನೆ. ಲಸಿಕೆಗಾಗಲಿ ಸೀರಂಗಾಗಲಿ ನಾವು ಒಂದು ಕಾಸೂ ಕೊಡಲಿಲ್ಲ. ಹೋದದ್ದು ಸಮಯ. ನನ್ನ ನಾಲ್ಕು ದಿನದ ರಜೆ, ಅವಳ ತಂದೆಯ ಎರಡು ದಿನ, ಮಗಳಿಗೆ ಮೂರು ದಿನ ಸ್ಕೂಲ್. ಓಡಾಟದ ಖರ್ಚು ಬೇರೆ. ನಮಗೆ ರಜೆ ಸಿಗುತ್ತದೆ. ಆದರೆ ಭಾನುವಾರ ನಮ್ಮ ಪಕ್ಕ ಕೂತಿದ್ದ ಅಜ್ಜ ದಿನಗೂಲಿಯವರು. ಅವತ್ತಿನ ಕೂಲಿ ಹೋಯ್ತು ಅಂತ ಮೂರು ಸಲ ಹೇಳಿದರು. 7ನೇ ದಿನದ ಕ್ಯೂನಲ್ಲಿ ಅವರು ಕಾಣಲಿಲ್ಲ. ದೊಡ್ಡಾಸ್ಪತ್ರೆಗೇ ಹೋಗಿರಲಿ ಅಂತ ಈಗಲೂ ಅಂದುಕೊಳ್ಳುತ್ತೇನೆ. ಯಾರಾದರೂ ಒಂದು ಡೋಸ್ ತಪ್ಪಿಸಿಕೊಂಡಿದ್ದರೆ, ತಡವಾಯಿತು ಅಂತ ಬಿಟ್ಟುಬಿಡಬೇಡಿ. ಆದಷ್ಟು ಬೇಗ ಹೋಗಿ. ಬಿಟ್ಟಲ್ಲಿಂದ ಮುಂದುವರಿಸುತ್ತಾರೆ, ಮೊದಲಿಂದ ಶುರು ಮಾಡಬೇಕಾಗಿಲ್ಲ.

ನಿನ್ನೆ 28ನೇ ದಿನ. ಹಿರಿಯ ಸಿಸ್ಟರ್ ವಾಪಸ್ ಬಂದಿದ್ದರು. ಕ್ಯೂನಲ್ಲಿ ನಮ್ಮ ಹಿಂದೆ ಒಬ್ಬ ಹುಡುಗಿ, ಇಪ್ಪತ್ತು ಇಪ್ಪತ್ತೊಂದು ಇರಬಹುದು, ಮುಂಗೈಗೆ ಕರ್ಚೀಫ್ ಕಟ್ಟಿಕೊಂಡು ನಿಂತಿದ್ದಳು. ಆಗತಾನೇ ಕಚ್ಚಿತ್ತಂತೆ. "ತೊಳೆದ್ಯಾಮ್ಮಾ?" ಅಂತ ಕೇಳಿದೆ. ಇಲ್ಲ ಎಂದಳು. ನನ್ನ ಮಗಳು ನನಗಿಂತ ಮುಂಚೆ, "ಅಕ್ಕಾ, ನಲ್ಲಿ ಅಲ್ಲಿದೆ" ಎಂದು ಕೈ ತೋರಿಸಿದಳು. ಅವಳ ಜಾಗ ನಾವು ನೋಡಿಕೊಂಡೆವು. ಅವಳು ತೊಳೆಯುತ್ತಿದ್ದಾಗಲೇ ಸಿಸ್ಟರ್ ನಮ್ಮ ಹೆಸರು ಕರೆದರು. ಒಳಗೆ ಹೋಗಿ ಮೊದಲು ಅವಳ ವಿಷಯ ಹೇಳಿದೆ, ಆಮೇಲೆ ಮಗಳು ತೋಳು ಮುಂದೆ ಚಾಚಿದಳು.

ಕಾರ್ಡ್ ಬಿಸಾಡಬೇಡಿ ಅಂತ ಸಿಸ್ಟರ್ ಎರಡು ಸಲ ಹೇಳಿದರು. ಪೂರ್ತಿ ಕೋರ್ಸ್ ಮುಗಿಸಿದವರಿಗೆ ಮುಂದೆ ಮತ್ತೆ ನಾಯಿ ಕಚ್ಚಿದರೆ ಸೀರಂ ಬೇಕಾಗುವುದಿಲ್ಲ. ಲಸಿಕೆಯೂ ಸಾಮಾನ್ಯವಾಗಿ 0 ಮತ್ತು 3ನೇ ದಿನ ಎರಡೇ ಸಲ. ಆದರೆ ಕೋರ್ಸ್ ಮುಗಿದಿದೆ ಅಂತ ತೋರಿಸಲು ಕಾಗದ ಬೇಕು. ನಮ್ಮ ಕಾರ್ಡಿನಲ್ಲಿ ಮಸುಕಾಗಿದ್ದ ಎರಡನೇ ತಾರೀಖನ್ನು ಅವರೇ ಮತ್ತೆ ಬರೆದು, ಪಕ್ಕದಲ್ಲಿ ಇನ್ನೊಂದು ಸಲ ಸೀಲು ಹಾಕಿಕೊಟ್ಟರು. ಅದನ್ನು ಪ್ಲಾಸ್ಟಿಕ್ ಕವರಿನೊಳಗೆ ಹಾಕಿ ಮಗಳ ಜನನ ಪ್ರಮಾಣಪತ್ರದ ಜೊತೆ ಇಟ್ಟಿದ್ದೇನೆ.